ಹಿಂದಿನ ಸೀಟು

ಪ್ರಯಾಣಿಕ. ಮೇಜಿನಾಚೆಯ ಮನುಷ್ಯ ಕಾರ್ಡಿನಲ್ಲಿ ಅದೇ ಪದ ಬರೆದ. ಬರೆದದ್ದು ನನಗೆ ಕಾಣಲಿಲ್ಲ, ನನ್ನ ಎರಡೂ ಕಣ್ಣು ಹೋಗಿ ಆರು ವರ್ಷವಾಯಿತು. ಆದರೆ ನನ್ನ ನಾದಿನಿ ಕಾರ್ಡನ್ನು ಕೈಗೆ ತೆಗೆದುಕೊಂಡು, ಬಸ್ಸಿನಲ್ಲಿ ಸ್ಟಾಪುಗಳ ಹೆಸರು ಕೂಗುತ್ತಿದ್ದ ದನಿಯಲ್ಲೇ ಓದಿದಳು.

"ಸವಾರ ಅಂತಿದೆ, ಮುಂದೆ ನನ್ನ ಹೆಸರು. ಕೆಳಗೆ, ಜೊತೆಗೆ ಒಬ್ಬ ಪ್ರಯಾಣಿಕ."

"ಯಾರದು ಪ್ರಯಾಣಿಕ?"

"ನೀವೇ ಅತ್ತಿಗೆ."

ನಾನು ಹದಿನಾರು ವರ್ಷ ಬಸ್ ಓಡಿಸಿದವಳು. ನನ್ನ ಬೆನ್ನ ಹಿಂದೆ ಐವತ್ತೆರಡು ಸೀಟುಗಳಿದ್ದವು. ಅಲ್ಲಿ ಕೂರುತ್ತಿದ್ದರಲ್ಲ, ಅವರು ಪ್ರಯಾಣಿಕರು. ಹತ್ತಿದ ಕೂಡಲೇ ಬಾಯಿ ತೆರೆದು ನಿದ್ದೆ ಹೊಡೆಯುವವರು, ತಮ್ಮ ಊರು ದಾಟಿ ಎರಡು ಮೈಲಿ ಆದ ಮೇಲೆ ಎದ್ದು ನನ್ನನ್ನು ಬಯ್ಯುವವರು. ಅವರ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ನನ್ನನ್ನು ತೆಗೆದುಕೊಂಡು ಹೋಗಿ ಆ ಪಟ್ಟಿಗೆ ಸೇರಿಸಿದರೆ ಮೈ ಉರಿಯದೆ ಇರುತ್ತದೆಯೇ?

ವರ್ಷಕ್ಕೊಮ್ಮೆ ನಡೆಯುವ, ಏಳು ಕೋಟೆ ಸುತ್ತುವ ಸವಾರಿಗೆ ಹೆಸರು ಬರೆಸಲು ಪುರಭವನದ ಮುಂದಿನ ಕೋಣೆಯಲ್ಲಿ ನಿಂತಿದ್ದೆವು. ಸೈಕಲ್ಲಿನಲ್ಲಿ ಎಂಬತ್ತು ಕಿಲೋಮೀಟರು. ಪ್ರತಿ ಕೋಟೆಯ ಬಾಗಿಲಲ್ಲೂ ಕಾರ್ಡಿಗೆ ಒಂದು ಮುದ್ರೆ. ಸಂಜೆ ಐದಕ್ಕೆ ಏಳನೆಯ ಕೋಟೆಯ ಬಾಗಿಲು ಹಾಕುತ್ತಾರೆ. ಅಷ್ಟರೊಳಗೆ ಒಳಗೆ ಬಂದ ಸವಾರರ ಹೆಸರನ್ನು ಅಲ್ಲಿನ ದೊಡ್ಡ ಪುಸ್ತಕದಲ್ಲಿ ಬರೆದು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ನೂರು ವರ್ಷದ ಹಿಂದಿನ ಸವಾರರ ಹೆಸರೂ ಅದರಲ್ಲಿದೆಯಂತೆ.

ಆ ಏಳೂ ಕೋಟೆಗಳ ಬುಡದಲ್ಲಿ ನಾನು ದಿನಕ್ಕೆರಡು ಸಲ ಬಸ್ ನಿಲ್ಲಿಸಿದ್ದೇನೆ. ಒಂದಕ್ಕೂ ಹತ್ತಿದವಳಲ್ಲ. ಬಸ್ ಸ್ಟಾಪು ಕೆಳಗೆ, ಕೋಟೆ ಮೇಲೆ, ನಡುವೆ ಟೈಮಿಂಗ್. ಮುಂದಿನ ವರ್ಷ ಹತ್ತಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದರು. ಡಿಪೋದವರು ನನ್ನನ್ನು ಸ್ಟೀರಿಂಗಿನಿಂದ ಎಬ್ಬಿಸಿ ಒಂದು ಕುರ್ಚಿಯ ಮೇಲೆ ಕೂರಿಸಿ, ಫೋನ್ ಎತ್ತುವ ಕೆಲಸ ಕೊಟ್ಟರು. ಆ ಪುಸ್ತಕದಲ್ಲಿ ನನ್ನ ಹೆಸರು ಬೇಕು ಎಂಬ ಹಠ ಹುಟ್ಟಿದ್ದು ಆ ಕುರ್ಚಿಯ ಮೇಲೆ.

ಮೇಜಿನಾಚೆ ಮುದ್ರೆಯವನು ಮೂಗು ಎಳೆಯುತ್ತಿದ್ದ. ನೆಗಡಿಯಾದ ದನಿ, ಶಾಯಿಪ್ಯಾಡಿನ ವಾಸನೆ.

"ಒಂದು ಸೈಕಲ್ಲಿಗೆ ಒಬ್ಬರೇ ಸವಾರ, ಮೇಡಂ. ಹ್ಯಾಂಡಲ್ ಯಾರು ಹಿಡೀತಾರೋ ಅವರು. ಫಾರಂ ಇರೋದೇ ಹಾಗೆ."

"ಪೆಡಲ್ ನಾನೂ ತುಳೀತೀನಲ್ಲ."

"ತುಳೀತೀರೋ, ಸುಮ್ನೆ ಕಾಲಿಟ್ಕೊಂಡಿರ್ತೀರೋ, ನೋಡ್ದೋರು ಯಾರು? ಮುಂದಿನೋರು ತುಳಿದ್ರೆ ನಿಮ್ಮ ಪೆಡಲ್ ತಾನಾಗೇ ತಿರುಗುತ್ತೆ."

ಆ ಮಾತು ನಿಜ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನಮ್ಮದು ಜೋಡಿ ಸೈಕಲ್ಲು. ನನ್ನ ಗಂಡ ಡಿಪೋದ ವರ್ಕ್‌ಶಾಪಿನಲ್ಲಿ ವೆಲ್ಡರ್. ಎರಡು ಹಳೇ ಸೈಕಲ್ಲುಗಳನ್ನು ಕೊಯ್ದು, ಸೇರಿಸಿ, ಬೆಸುಗೆ ಹಾಕಿ ಮಾಡಿದ್ದು. ಮುಂದಿನ ಪೆಡಲನ್ನು ಹಿಂದಿನ ಪೆಡಲಿಗೆ ಜೋಡಿಸುವ ಚೈನು ಎಡಗಡೆ. ಹಿಂದಿನ ಪೆಡಲಿನಿಂದ ಚಕ್ರಕ್ಕೆ ಹೋಗುವ ಚೈನು ಬಲಗಡೆ. ಒಬ್ಬಳ ಕಾಲು ತಿರುಗಿದರೆ ಇನ್ನೊಬ್ಬಳದೂ ತಿರುಗಲೇಬೇಕು.

"ಹೋಗ್ಲಿ ಬಿಡಿ ಅತ್ತಿಗೆ," ಎಂದಳು ನಾದಿನಿ. "ಒಂದು ಪದ ತಾನೆ."

"ನಿಂಗೇನಮ್ಮ, ನೀನು ಸವಾರ."

"ತಕರಾರಿದ್ರೆ ಏಳನೇ ಕೋಟೇಲಿ ಹೇಳಿ," ಎಂದ ಮುದ್ರೆಯವನು. "ಸಂಜೆ ಅಲ್ಲಿ ನಾನೇ ಇರ್ತೀನಿ."

"ಇರಿ," ಎಂದೆ. "ಎಲ್ಲೂ ಎದ್ದು ಹೋಗ್ಬೇಡಿ."

ಹೀಗೆ ಜಗಳದಿಂದಲೇ ನಮ್ಮ ದಿನ ಶುರುವಾಯಿತು. ಮೊದಲ ಮೂರು ಕೋಟೆಗಳಿಗೆ ನಾನು ಸಿಟ್ಟಿನಲ್ಲೇ ತುಳಿದೆ. ಸಿಟ್ಟಿನಷ್ಟು ಒಳ್ಳೆಯ ತಿಂಡಿ ಇನ್ನೊಂದಿಲ್ಲ, ಹೊಟ್ಟೆ ತುಂಬಿಯೇ ಇರುತ್ತದೆ.

ನಾದಿನಿಗೆ ಗಟ್ಟಿ ಕಾಲಿದೆ, ದಾರಿ ಗೊತ್ತಿಲ್ಲ. ಹನ್ನೊಂದು ವರ್ಷ ನನ್ನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವಳು, ಆದರೆ ರಸ್ತೆಗೆ ಬೆನ್ನು ಹಾಕಿ ಚಿಲ್ಲರೆ ಕೊಡುತ್ತಿದ್ದಳು. ರಸ್ತೆ ನೋಡಿದವಳು ನಾನು. ಹಾಗಾಗಿ ಅವಳು ಕಣ್ಣು, ನಾನು ನೆನಪು. "ಹಿಟ್ಟಿನ ಗಿರಣಿ ಬಂತಾ?" ಎನ್ನುತ್ತೇನೆ. "ಬಂತು." "ಎರಡು ತಿರುವು ಆದ್ಮೇಲೆ ಕಲ್ಲುಸೇತುವೆ, ಕಿರಿದು, ಎದುರಿಗೆ ಗಾಡಿ ಬಂದ್ರೆ ನಿಂತ್ಕೋ." ಸೇತುವೆ ಬರುತ್ತದೆ.

ಹಳೇ ಊರುಗಳು ಒಂದೊಂದೂ ಒಂದೊಂದು ಥರ ಮೈಗೆ ತಾಗಿದವು. ಮೊದಲ ಊರಿನ ಬೀದಿಗೆ ಉರುಟು ಕಲ್ಲು ಹಾಸಿದ್ದರು, ಹಲ್ಲು ಹಲ್ಲಿಗೆ ಹೊಡೆಯಿತು. ಎರಡನೆಯ ಊರಿನ ಮನೆಗಳ ಮಾಳಿಗೆಗಳು ಬೀದಿಯ ಮೇಲೆ ಚಾಚಿಕೊಂಡಿರಬೇಕು, ಬಿಸಿಲು ಸಟ್ಟನೆ ನಿಂತು ಬ್ರೆಡ್ ಬೇಯುವ ವಾಸನೆ ಮುಖಕ್ಕೆ ಬಡಿಯಿತು. ಕೋಟೆಯ ಬಾಗಿಲ ಕೆಳಗೆ ನುಗ್ಗಿದಾಗ ಚೈನಿನ ಸದ್ದು ಹತ್ತು ಪಟ್ಟಾಗಿ ತಲೆಯ ಮೇಲಿಂದ ವಾಪಸು ಬಂತು. ಹದಿನಾರು ವರ್ಷ ಕಣ್ಣಿದ್ದಾಗ ಇದ್ಯಾವುದೂ ನನಗೆ ಸಿಕ್ಕಿರಲಿಲ್ಲ. ನನಗೆ ಆಗ ಸಂತೋಷವಾಯಿತು, ಅದನ್ನು ಯಾಕೆ ಮುಚ್ಚಿಡಲಿ.

ಕೆಟ್ಟದ್ದು ಆದದ್ದು ನಾಲ್ಕನೆಯ ಕೋಟೆಯಿಂದ ಇಳಿಯುವಾಗ.

ತಿರುವಿಗೆ ಎಡ, ಬಲ ಎಂದೇ ಹೇಳಬೇಕು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಅವಳು ಬಲ ಎಂದರೆ ನಾನು ಪೆಡಲ್ ನಿಲ್ಲಿಸಿ ಬಲಕ್ಕೆ ವಾಲುತ್ತೇನೆ. ಮೂರು ತಿಂಗಳು ಅಭ್ಯಾಸವೂ ಆಗಿತ್ತು. ಆದರೆ ಆ ಇಳಿಜಾರಿನಲ್ಲಿ ಬಲಕ್ಕೆ ತಿರುವು ಇದ್ದಕ್ಕಿದ್ದಂತೆ ಎದುರಾಗಿ ಅವಳು ಗಾಬರಿಯಾದಳು. ಬಲ ಎನ್ನಲು ಹೋದವಳ ಬಾಯಿಂದ ಬಂದದ್ದು "ರೈಟ್!"

ಹನ್ನೊಂದು ವರ್ಷ ಆ ದನಿ ನನ್ನ ಬೆನ್ನ ಹಿಂದಿನಿಂದ ರೈಟ್ ಅಂದಿದೆ. ರೈಟ್ ಅಂದರೆ ಎಲ್ಲರೂ ಹತ್ತಿದರು, ಬಾಗಿಲು ಹಾಕಿದೆ, ಹೊರಡಿ ಅತ್ತಿಗೆ ಎಂದು ಅರ್ಥ. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಎರಡೂ ಪೆಡಲನ್ನು ಒತ್ತಿ ತುಳಿಯಿತು. ಬ್ರೇಕು ಹಿಡಿದವಳು ಮುಂದೆ, ವೇಗ ಕೊಟ್ಟವಳು ಹಿಂದೆ. ಸೈಕಲ್ಲು ನೆಟ್ಟಗೆ ಬೇಲಿಗೆ ನುಗ್ಗಿ, ಬೇಲಿ ದಾಟಿ, ಕೊಯ್ದ ಗೋಧಿಹೊಲದಲ್ಲಿ ನಮ್ಮಿಬ್ಬರನ್ನೂ ಚೆಲ್ಲಿತು.

ಕೈಯಾಡಿಸಿ ಅವಳ ಭುಜ ಹುಡುಕಿದೆ.

"ಬದುಕಿದೀಯೇನೇ?" ಎಂದೆ.

"ರೈಟ್ ಅಂದೆ ಅಲ್ವಾ ನಾನು," ಎಂದಳು.

"ಅಂದೆ."

ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೊಣಕೈಯಲ್ಲಿ ರಕ್ತ, ಬಾಯಲ್ಲಿ ಮಣ್ಣು, ಹುಚ್ಚರ ಹಾಗೆ ನಕ್ಕೆವು. ನಗು ನಿಂತದ್ದು ನಾದಿನಿ ಸೈಕಲ್ಲು ಎತ್ತಿದಾಗ. ಎಡಗಡೆಯ ಚೈನು ತುಂಡಾಗಿತ್ತು. ಒಂದು ತುಣುಕು ಹೊಲದಲ್ಲೆಲ್ಲೋ ಹಾರಿ ಹೋಗಿತ್ತು. ಪಂಕ್ಚರ್ ಹಾಕುವ ಸಾಮಾನಿತ್ತು, ಚೈನಿನದ್ದು ಏನೂ ಇರಲಿಲ್ಲ.

ಅವಳು ಮುಂದಿನ ಪೆಡಲನ್ನು ಕೈಯಿಂದ ತಿರುಗಿಸಿದಳು. ಅದು ಗಿರಗಿರನೆ ಸುಮ್ಮನೆ ತಿರುಗಿತು. ನಾನು ಹಿಂದಿನದನ್ನು ತಿರುಗಿಸಿದೆ. ಚಕ್ರ ತಿರುಗಿತು.

"ಮುಗೀತು ಅತ್ತಿಗೆ," ಎಂದಳು. "ನಾನು ತುಳಿದ್ರೆ ಗಾಳಿಗೆ ತುಳಿದ ಹಾಗೆ."

"ನಾನು ತುಳಿದ್ರೆ?"

ಅವಳು ಉತ್ತರ ಕೊಡುವ ಮೊದಲೇ ಮೇಲೆ ರಸ್ತೆಯಲ್ಲಿ ಒಂದು ವ್ಯಾನು ನಿಂತಿತು. ಹಿಂದೆ ಬಿದ್ದವರನ್ನು ಎತ್ತಿಕೊಂಡು ಬರುವ ವ್ಯಾನು. ಅದರ ಡ್ರೈವರ್ ಇಳಿದು ಬಂದು ಸೈಕಲ್ಲು ನೋಡಿ ತ್ಚು ತ್ಚು ಎಂದ.

"ಹತ್ತಿ ಅಮ್ಮ. ಸೀಟು ಖಾಲಿ ಇದೆ, ಮೆತ್ತಗಿದೆ."

"ಸೀಟಲ್ಲಿ ಕೂತು ಹೋಗೋಳಾಗಿದ್ರೆ ಬೆಳಿಗ್ಗೆನೇ ಬಸ್ ಹತ್ತಿರ್ತಿದ್ದೆ," ಎಂದೆ.

"ಇನ್ನೂ ಮೂರು ಕೋಟೆ ಇದೆ. ಒಬ್ರೇ ಇಬ್ಬರನ್ನ ಎಳೀತೀರಾ?"

"ಐವತ್ತೆರಡು ಜನರನ್ನ ಎಳೆದಿದೀನಿ."

"ಅದಕ್ಕೆ ಇಂಜಿನ್ ಇತ್ತು," ಎಂದ ಅವನು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಹತ್ತಲಿಲ್ಲ.

ಐದನೆಯ ಕೋಟೆಯ ಏರಿನಲ್ಲಿ ಇಂಜಿನ್ ಇಲ್ಲದ್ದು ಗೊತ್ತಾಯಿತು. ತೊಡೆ ಉರಿಯಿತು, ಕಿವಿಯಲ್ಲಿ ಎದೆಬಡಿತ ಕೇಳಿಸಿತು. ನಾದಿನಿ ಇಳಿದು ತಳ್ಳುತ್ತೇನೆ ಎಂದಳು. "ನೀನಿಳಿದ್ರೆ ಹ್ಯಾಂಡಲ್ ಯಾರು ಹಿಡೀತಾರೆ, ನಿಮ್ಮಣ್ಣ ಬರ್ತಾನಾ?" ಎಂದು ಗದರಿದೆ. ಅವಳು ಬಾಯಿ ಮುಚ್ಚಿ ಕೂತಳು. ಅಲ್ಲಿ ಮುದ್ರೆ ಬಿದ್ದಾಗ ಮೂರು ಗಂಟೆ ದಾಟಿತ್ತು.

ಆರನೆಯ ಊರಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ ಒಂದಿಷ್ಟು ಗಂಡಸರು ನಮ್ಮನ್ನು ನೋಡಿ ಕೂಗಿದರು. "ನೋಡ್ರೋ, ಹಿಂದಿನೋಳು ಬೆವರು ಸುರಿಸ್ತಿದಾಳೆ, ಮುಂದಿನೋಳು ಮಹಾರಾಣಿ ಹಾಗೆ ಕೂತಿದಾಳೆ."

ನಾದಿನಿಯ ಬೆನ್ನು ಬಿಗಿಯಾದದ್ದು, ಅವಳ ಸೀಟಿನ ಹಿಂದೆ ಬೆಸೆದಿದ್ದ ಹಿಡಿಯಿಂದ ನನ್ನ ಕೈಗೆ ತಿಳಿಯಿತು. ನಾನು ಆಗ ಏನಾದರೂ ಹೇಳಬೇಕಿತ್ತು. ಹೇಳಿದ್ದು ಇದು: "ಇರಲಿ ಬಿಡು. ಈಗ ನೀನು ಪ್ರಯಾಣಿಕ. ಒಂದು ಪದ ತಾನೆ."

ಊರು ದಾಟುವವರೆಗೆ ಅವಳು ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಕೇಳಿದಳು, "ಹಾಗಿದ್ರೆ ಕೈ ಬಿಡ್ಲಾ ಅತ್ತಿಗೆ?"

"ಏನು?"

ಅವಳು ಬಿಟ್ಟೇಬಿಟ್ಟಳು. ಒಂದು ಕ್ಷಣವಷ್ಟೆ. ಸೈಕಲ್ಲು ನನ್ನ ಕೆಳಗೆ ತಲೆಬುಡವಿಲ್ಲದ ಹಾಗೆ ಹೊಯ್ದಾಡಿತು. ಕಣ್ಣು ಹೋದ ಮೊದಲ ವಾರ ನಡುಮನೆಯಲ್ಲಿ ನಿಂತು ಗೋಡೆ ಯಾವ ಕಡೆಗಿದೆ ಎಂದು ತಿಳಿಯದೆ ಹೆದರಿದ್ದೆನಲ್ಲ, ಅದೇ ಹೆದರಿಕೆ ಬಂತು. ಅವಳು ಮತ್ತೆ ಹ್ಯಾಂಡಲ್ ಹಿಡಿದಳು.

"ಬೆಳಿಗ್ಗೆಯಿಂದ ಎಷ್ಟು ಹೊಂಡ ತಪ್ಪಿಸಿದೀನಿ ಗೊತ್ತಾ ನಿಮಗೆ?" ಎಂದಳು. "ಒಂದೊಂದಕ್ಕೂ ಭುಜ ಕಿತ್ತು ಬರುತ್ತೆ. ನೀವು ತುಳಿಯೋದು ಎಲ್ರಿಗೂ ಕಾಣುತ್ತೆ. ನೀವು ಹೊಂಡಕ್ಕೆ ಬೀಳದೇ ಇರೋದು ಯಾರಿಗೂ ಕಾಣಲ್ಲ."

ನನಗೆ ನಾಚಿಕೆಯಾಯಿತು. ಬೆಳಿಗ್ಗೆ ನನ್ನ ಎದೆಗೆ ಚುಚ್ಚಿದ ಪದವನ್ನೇ ಎತ್ತಿ ಅವಳ ಬೆನ್ನಿಗೆ ಚುಚ್ಚಿದ್ದೆ.

"ತಪ್ಪಾಯ್ತು ಕಣೇ," ಎಂದೆ. ಹದಿನೆಂಟು ವರ್ಷದ ಸಂಬಂಧದಲ್ಲಿ ಇದು ಎರಡನೆಯ ಸಲ ಇರಬೇಕು. ಅವಳು "ಮುಂದೆ ಏರು ಇದೆ, ಉಸಿರು ಉಳಿಸ್ಕೊಳಿ," ಎಂದಳಷ್ಟೆ.

ಏಳನೆಯ ಕೋಟೆಗೆ ಹತ್ತುವ ದಾರಿ ಕಲ್ಲುಹಾಸಿನದು, ಮೂರು ಸುತ್ತು. ಮೊದಲ ಸುತ್ತಿನಲ್ಲಿ ಕಾಲು ಸತ್ತಿತು. ಎರಡನೆಯದರಲ್ಲಿ ನಾನು ಬಾಯಿಗೆ ಬಂದಂತೆ ಬಯ್ಯುತ್ತ ತುಳಿದೆ, ಕೋಟೆ ಕಟ್ಟಿದ ರಾಜನನ್ನು, ಅವನಿಗೆ ಇಷ್ಟೆತ್ತರದ ಜಾಗ ತೋರಿಸಿದ ಮಂತ್ರಿಯನ್ನು, ಫಾರಂ ಅಚ್ಚು ಹಾಕಿಸಿದವನನ್ನು. ನಾದಿನಿ ಕಲ್ಲುಗಳ ನಡುವಿನ ನುಣುಪು ಜಾಡು ಹುಡುಕುತ್ತ, "ಎಡ, ಇನ್ನೂ ಎಡ, ಈಗ ಒತ್ತಿ, ಒತ್ತಿ ಅತ್ತಿಗೆ," ಎನ್ನುತ್ತಿದ್ದಳು. ಅವಳಿಲ್ಲದಿದ್ದರೆ ನಾನು ಮೊದಲ ಕಲ್ಲಿಗೇ ಉರುಳುತ್ತಿದ್ದೆ. ಚೈನಿನ ಸದ್ದು ತಲೆಯ ಮೇಲೆ ಕೇಳಿಸಿದಾಗ ಬಾಗಿಲ ಕೆಳಗೆ ಬಂದೆವು ಎಂದು ತಿಳಿಯಿತು. ಐದಕ್ಕೆ ಆರು ನಿಮಿಷವಿತ್ತು.

ಮುದ್ರೆಯವನು ಮೂಗು ಎಳೆದ. ಎಲ್ಲೂ ಎದ್ದು ಹೋಗಿರಲಿಲ್ಲ.

ನಾನು ಸೈಕಲ್ಲಿನಿಂದ ಇಳಿಯದೆ ಹೇಳಿದೆ, "ಎಡಗಡೆ ಚೈನು ನೋಡಿ."

ಅವನು ಬಗ್ಗಿದ್ದು ಉಸಿರಿನಿಂದ ಗೊತ್ತಾಯಿತು. ಮುಂದಿನ ಪೆಡಲನ್ನು ತಿರುಗಿಸಿ ನೋಡಿದ. ಅದು ಗಿರಗಿರ ತಿರುಗಿತು.

"ಎಲ್ಲಿ ತುಂಡಾಯ್ತು?"

"ನಾಲ್ಕನೇ ಕೋಟೆ ಕೆಳಗೆ," ಎಂದಳು ನಾದಿನಿ. "ವ್ಯಾನಿನೋರನ್ನ ಕೇಳಿ."

ಮನುಷ್ಯ ಕೆಟ್ಟವನಲ್ಲ. "ನಾನು ಸೋತೆ ಮೇಡಂ," ಎಂದ. "ಬದಲಾಯಿಸ್ತೀನಿ. ಸವಾರ ಅನ್ನೋ ಕಡೆ ನಿಮ್ಮ ಹೆಸರು. ಪ್ರಯಾಣಿಕ ಅನ್ನೋ ಕಡೆ ಇವರು."

"ಬರೀರಿ," ಎಂದಳು ನಾದಿನಿ ತಣ್ಣಗೆ. "ಅವರದ್ದೇ ಬರೀರಿ."

ಬೆಳಿಗ್ಗೆ ಈ ಮಾತು ಬಂದಿದ್ದರೆ ಕುಣಿದಾಡುತ್ತಿದ್ದೆ. ಆರು ವರ್ಷ ಬೇಡಿದ್ದು ಮುಂದೆ ಬಂದು ನಿಂತಿತ್ತು, ಹ್ಞೂಂ ಅಂದರೆ ಸಾಕಿತ್ತು.

"ಆ ಎರಡನೇ ಸಾಲು ಹೊಡೆದು ಹಾಕಿ," ಎಂದೆ. "ಈ ಸೈಕಲ್ಲಲ್ಲಿ ಪ್ರಯಾಣಿಕ ಯಾರೂ ಇಲ್ಲ. ಮೇಲಿನ ಸಾಲಲ್ಲಿ ಇಬ್ಬರ ಹೆಸರೂ ಬರೀರಿ."

"ಒಂದು ಸೈಕಲ್ಲಿಗೆ ಒಬ್ಬರು ಅಂತ ಹೇಳಿದ್ನಲ್ಲ. ಬಾಗಿಲು ಹಾಕೋ ಹೊತ್ತಾಯ್ತು, ಈಗ ಸೈಕಲ್ ತೆಗೀರಿ."

"ತೆಗೆಯಲ್ಲ."

ಎರಡಾಳು ಉದ್ದದ ಸೈಕಲ್ಲು. ನಾದಿನಿ ಹ್ಯಾಂಡಲ್ ತಿರುಗಿಸಿ ಅದನ್ನು ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿದಳು. ಒಳಗೆ ಬಂದವರು ಹೊರಗೆ ಹೋಗಲಾರರು, ಹೊರಗಿನವರು ಒಳಗೆ ಬರಲಾರರು. ಹಿಂದೆ ನಾಲ್ಕೈದು ಸೈಕಲ್ಲಿನ ಗಂಟೆಗಳು ಬಡಿಯತೊಡಗಿದವು. ಟ್ರಾಫಿಕ್ಕಿನಲ್ಲಿ ಹಾರನ್ ಹೊಡೆಸಿಕೊಂಡು ನನಗೆ ಚೆನ್ನಾಗಿ ಅಭ್ಯಾಸವಿದೆ.

"ಸವಾರ ಅಂತ ಅಚ್ಚಾಗಿದೆ ಮೇಡಂ. ಒಬ್ಬರಿಗೆ. ಅಚ್ಚಾದದ್ದನ್ನ ತಿದ್ದೋ ಅಧಿಕಾರ ನಂಗಿಲ್ಲ."

"ತಿದ್ದಬೇಡಿ. ಅದರ ಪಕ್ಕ ಒಂದು ರು ಬರೀರಿ. ಸವಾರರು ಆಗುತ್ತೆ."

ಅವನು ಮೂಗು ಎಳೆಯುವುದನ್ನು ಮರೆತ. ಹಿಂದೆ ಗಂಟೆಗಳು ಬಡಿಯುತ್ತಲೇ ಇದ್ದವು. ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಒಂದು ರು ತಾನೆ," ಎಂದ, ತನಗೇ ಹೇಳಿಕೊಂಡ ಹಾಗೆ. "ಮೇಲಿನೋರು ಕೇಳಿದ್ರೆ, ಗೌರವಕ್ಕೆ ಹಾಕಿದೆ ಅಂತೀನಿ."

"ಗೌರವ ನೀವೇ ಇಟ್ಕೊಳಿ," ಎಂದೆ. "ಕೇಳಿದ್ರೆ, ಇಬ್ಬರಿದ್ರು ಅನ್ನಿ."