ಮಿನೆಗಿಶಿಯವರ ರಬ್ಬರ್ ಬಡ್‌ಗಳು

ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರದ ಆ ಎರಡನೇ ಮಹಡಿಯ ಅಂಗಡಿಯಲ್ಲಿ ಮಿನೆಗಿಶಿಯವರು ಹೂಂ ಅಂದರೆ ಇಯರ್‌ಫೋನು ಗಾಜಿನ ಕಪಾಟಿಗೆ, ಊಹೂಂ ಅಂದರೆ ಮತ್ತೆ ಡಬ್ಬಿಗೆ. ಮೂರು ವರ್ಷ ಕೈಯಾರೆ ಕಟ್ಟಿ, ಕೇಳಿ ಕೇಳಿ ತಿದ್ದಿದ ಜೋಡಿಯನ್ನು ಚಿಜುರು ಹತಾನೊ ಎಂಬಾಕೆ ಮಿನೆಗಿಶಿಯವರ ಮುಂದಿಟ್ಟಳು. ಪಕ್ಕದಲ್ಲೇ ಹೆಸರಾಂತ ಕಂಪನಿಯೊಂದರ ಜೋಡಿ ಇತ್ತು. ಕಪಾಟಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ.

ಇಲ್ಲಿ ಎಲ್ಲರೂ ಮಾಡುವಂತೆ ಮಿನೆಗಿಶಿಯವರೂ ಕಿವಿಯೊಳಗೆ ಕೂರುವ ರಬ್ಬರ್ ಬಡ್‌ಗಳನ್ನು ತಮ್ಮದೇ ತಗಡಿನ ಡಬ್ಬಿಯಿಂದ ತೆಗೆದು ಎರಡೂ ಜೋಡಿಗೆ ಸಿಕ್ಕಿಸಿದರು. ಡೋಲಿನ ಮೇಳದ ಧ್ವನಿಮುದ್ರಣ ಹಾಕಿ ಎರಡನ್ನೂ ಕೇಳಿದರು.

"ಎರಡರದ್ದೂ ಸದ್ದು ತೆಳು. ಬೇಸೇ ಇಲ್ಲ, ಡೋಲಿನ ಗುಡುಗೇ ಇಲ್ಲ. ಈ ವರ್ಷ ಏನಾಗಿದೆ ನಿಮಗೆಲ್ಲಾ? ಬಂದೋರೆಲ್ಲಾ ಇಂಥದ್ದೇ ತರ್ತೀರಲ್ಲ!"

ಚಿಜುರುವಿಗೆ ತಟ್ಟನೆ ಹೊಳೆಯಿತು: ಬಂದವರದ್ದೆಲ್ಲಾ ತೆಳುವೇ? ಬಗ್ಗಿ ಅವರ ಬಡ್‌ಗಳನ್ನು ನೋಡಿದಳು. ರಬ್ಬರು ಒಣಗಿ ಗಟ್ಟಿಯಾಗಿ, ಅಂಚು ಸೀಳಿತ್ತು. ಆ ಸಂದಿಯಿಂದಲೇ ಬೇಸೆಲ್ಲಾ ಸೋರಿಹೋಗುತ್ತಿತ್ತು. ಆದರೆ ಮೂವತ್ತು ವರ್ಷ ಇಯರ್‌ಫೋನು ಕೇಳಿ ತೂಗಿದ ಹಿರಿಯರಿಗೆ, ಅದೂ ನಾಲ್ಕು ಜನರ ಎದುರು, ಹೇಗೆ ಹೇಳುವುದು?

"ಒರೆಸಿ ಕೊಡ್ತೀನಿ, ಮಿನೆಗಿಶಿ ಸಾನ್. ದಯವಿಟ್ಟು ಇನ್ನೊಂದ್ಸಲ ಕೇಳಿ."

ಸ್ಪಿರಿಟ್ ಅದ್ದಿದ ಕಾಗದದಲ್ಲಿ ಒರೆಸುತ್ತಾ, ಸದ್ದಿಲ್ಲದೆ ಹಳೆಯದನ್ನು ಕಳಚಿ, ತನ್ನ ಜೋಡಿಗೆ ತಾನು ತಂದಿದ್ದ ಹೊಸ ಬಡ್ ಹಾಕಿದಳು. ಕಂಪನಿಯದಕ್ಕೆ? ಕೈ ತಡೆಯಿತು. ಬಿಟ್ಟುಬಿಟ್ಟರೆ ಗೆಲುವು ತನ್ನದೇ. ಥೂ, ಅದೂ ಒಂದು ಗೆಲುವೇ? ಅದಕ್ಕೂ ಹೊಸದನ್ನೇ ಹಾಕಿದಳು.

ಮೊದಲು ಕಂಪನಿಯದು. ಮಿನೆಗಿಶಿಯವರ ಕಣ್ಣು ಅಗಲವಾಯಿತು. "ಅಬ್ಬಬ್ಬಾ! ಹೊಟ್ಟೆಯೊಳಗೇ ಬಡೀತಿದೆಯಲ್ಲ!"

ಸತ್ತೆ ಅಂದುಕೊಂಡಳು ಚಿಜುರು.

ಆಮೇಲೆ ಅವಳದು. ಮತ್ತೆ ಮೊದಲಿಂದ ಹಾಕಿದರು. ಮೂರನೇ ಸಲ ಮುದುಕರು ಎದ್ದೇ ನಿಂತರು.

"ಅದು ಡೋಲು ಬಡೀತದೆ, ಸರಿ. ಇದ್ರಲ್ಲಿ ಕೋಲು ಎತ್ತೋಕ್ಕೆ ಮುಂಚೆ ಬಾರಿಸೋನು ಉಸಿರೆಳ್ಕೊಂಡಿದ್ದೂ ಕೇಳಿಸ್ತು, ಹತಾನೊ ಸಾನ್! ಉಸಿರು!"

ಅವಳ ಜೋಡಿಯನ್ನು ತಾವೇ ಹೋಗಿ ಕಪಾಟಿನಲ್ಲಿಟ್ಟರು. ಚಿಜುರುವಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಅವರು ಕಂಪನಿಯದರ ಬಡ್ಡನ್ನು ಕಳಚಿ, ಬೆರಳಲ್ಲಿ ಮೆತ್ತಗೆ ಒತ್ತಿ, ತಮ್ಮ ಡಬ್ಬಿಯ ಕಡೆ ನೋಡಿದರು. ನಾಚಿಕೆಗೆ ಅವರ ಕಿವಿ ಎರಡೂ ಕೆಂಪಾದವು. ಅವಳಿಗೆ ಸೊಂಟ ಮಡಿಸಿ ನಮಸ್ಕರಿಸಿ, ಕೆಳಗಿನ ಬೀರು ತೆರೆದರು. ಈ ವರ್ಷ ಊಹೂಂ ಅಂದಿದ್ದ ಹನ್ನೊಂದು ಡಬ್ಬಿಗಳು ಅಲ್ಲಿದ್ದವು.

"ಆ ಬಡ್ ಇನ್ನೊಂದ್ ಜೊತೆ ಕೊಡ್ತೀರಾ?" ಎಂದು ಮೊದಲ ಡಬ್ಬಿ ಬಿಚ್ಚಿದರು. "ಇವನ್ನ ತಂದೋರಿಗೆಲ್ಲಾ ನಾನು ಫೋನ್ ಮಾಡ್ಬೇಕು."