ಮಕರಂದಕ್ಕೂ ಮಗ್ಗಕ್ಕೂ ನಡುವೆ

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ, ಅದರ ಮೇಲೆ ಸ್ಕೇಲು ಇಡಬೇಕು, ಇಟ್ಟಳು, ಇಟ್ಟಮೇಲೆ ಕಂಡಿತು — ಈ ಹಾಳೆ ಮಕರಂದದಲ್ಲಿ ಮುಗಿದಿದೆ, ಮುಂದಿನದು ಮಗ್ಗದಲ್ಲಿ ಶುರುವಾಗಿದೆ, ನಡುವೆ ಮಕ್ಕಳು, ಮಗ, ಮಗಳು, ಮಗು, ಇಡೀ ಒಂದು ಹಾಳೆ ಇರಬೇಕಿತ್ತು, ಇಲ್ಲ. ಎದುರಿಗೆ ಮೇಷ್ಟ್ರು ಕನ್ನಡಕ ಒರೆಸುತ್ತಿದ್ದಾರೆ, ಒರೆಸಿದ್ದನ್ನೇ ಒರೆಸುತ್ತಿದ್ದಾರೆ, ಶಾಲೆಯಿಂದ ನಿವೃತ್ತರಾಗಿ ಈ ಪದಕೋಶದ ಕಚೇರಿಗೆ ಬಂದು ಕೂತವರು, ಒಂದು ದೀರ್ಘ ಬಿಟ್ಟುಹೋದರೆ ಊಟ ಸೇರದವರು, ಅವರಿಗೆ ಹಾಳೆಯೇ ಹೋದದ್ದು ಕಾಣಲಿಲ್ಲವೇ, ಕಂಡಿದೆ, ಅದಕ್ಕೇ ಹೀಗೆ ಒರೆಸುತ್ತಿದ್ದಾರೆ. ಮಗ್ಗದಿಂದ ಓದಮ್ಮ, ಅಂದರು, ಅವಳ ಮುಖ ನೋಡದೆ. ಇಲ್ಲಿ ಕರಡು ಓದುವುದೆಂದರೆ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮೂಲಪ್ರತಿಯಲ್ಲಿ ಬೆರಳಿಟ್ಟು ನೋಡುವುದು, ಅಲ್ಪವಿರಾಮ ಬಂದರೆ ಅಲ್ಪವಿರಾಮ ಅನ್ನುವುದು, ಅಡ್ಡಗೆರೆ ಬಂದರೆ ಅಡ್ಡಗೆರೆ, ದನಿಯಲ್ಲಿ ಏರಿಳಿತ ಕೂಡದು, ಅರ್ಥದ ಹಿಂದೆ ಹೋದವಳಿಗೆ ಅಕ್ಷರ ಕಾಣಲ್ಲ ಕಣಮ್ಮ, ಅಂತ ಸೇರಿದ ಹೊಸದರಲ್ಲೇ ಹೇಳಿಕೊಟ್ಟಿದ್ದರು, ಅವಳು ಚೆನ್ನಾಗಿಯೇ ಕಲಿತಳು, ಎಷ್ಟು ಚೆನ್ನಾಗಿ ಎಂದರೆ ಆಸ್ಪತ್ರೆಯಲ್ಲೂ ಹಾಗೇ ಕೇಳಿಸಿಕೊಂಡಳು, ಅಕ್ಷರ ಅಕ್ಷರವಾಗಿ, ಶಿಶುವಿನ ಎದೆಬಡಿತ ಸಿಗ್ತಾ ಇಲ್ಲ, ಅಂದರು ಡಾಕ್ಟರು, ಶಿಶು, ಹಿಂದಿನ ಸಲದವರೆಗೂ ಪಾಪು ಹೇಗಿದೆ ಅಂತ ಕೇಳುತ್ತಿದ್ದವರು, ಎದೆಬಡಿತ ನಿಂತದ್ದೇ ತಡ ಶಿಶು, ಏಳನೇ ತಿಂಗಳು ತುಂಬಿದ ಶಿಶು — ಮತ್ತು ಹಸಿರು ಬಟ್ಟೆಯ ಮಡಿಕೆಯಿಂದ ಹೊರಗೆ ಜಾರಿದ ಒಂದು ಹಿಮ್ಮಡಿ.

ಅಷ್ಟೇ ಅವಳು ಕಂಡದ್ದು. ತಾಯಿಗೆ ತೋರಿಸ್ಲಾ, ಅಂತ ನರ್ಸ್ ಕೇಳಿದ್ದು ಅವಳನ್ನಲ್ಲ, ಅತ್ತೆಯನ್ನು, ಬೇಡಮ್ಮ, ನೋಡಿದ್ರೆ ಮರೆಯೋಕಾಗಲ್ಲ ಅವಳಿಗೆ, ಅಂದರು ಅತ್ತೆ, ಅಳುತ್ತಲೇ ಅಂದರು, ಪ್ರೀತಿಯಿಂದಲೇ ಅಂದರು, ಗಂಡ ಗೋಡೆಗೆ ಹಣೆ ಒತ್ತಿ ನಿಂತಿದ್ದ, ಇವಳ ನಾಲಿಗೆ ಮಂಪರಿನಲ್ಲಿ ಮರಗಟ್ಟಿತ್ತು, ಬಾಗಿಲ ಹತ್ತಿರ ನರ್ಸ್ ತಿರುಗಿದಾಗ ಬಟ್ಟೆ ಜಾರಿತು, ಬಾಗಿಲು ಮುಚ್ಚಿತು. ಮನೆಗೆ ಬಂದರೆ ಕಪಾಟಿನ ಕೆಳಗಿನ ಖಾನೆ ಖಾಲಿ, ಒಗೆದು ಮಡಿಸಿಟ್ಟಿದ್ದ ಪುಟ್ಟ ಬಟ್ಟೆಗಳಿಲ್ಲ, ಎಲ್ಲಿ ಅಂದರೆ, ಅವನ್ನೆಲ್ಲ ಈಗ ಯಾಕೆ ನೋಡ್ತೀಯ, ಅಂದ ಗಂಡ. ಬಟ್ಟೆಯ ಜೊತೆ ಮಾತುಗಳನ್ನೂ ಎತ್ತಿಟ್ಟಿದ್ದರು, ಕೂಸು ಅಂತ ದಿನಕ್ಕೆ ನೂರು ಸಲ ಅನ್ನುತ್ತಿದ್ದ ಅತ್ತೆ ಈಗ, ಅದು ಆದ ಮೇಲೆ ಅವಳು ಸರಿಯಾಗಿ ತಿಂತಾನೇ ಇಲ್ಲ, ಅನ್ನುತ್ತಾರೆ ಫೋನಿನಲ್ಲಿ, ಅದು, ಆ ವಿಷಯ, ಹೋದ ಸಲ, ಬೀಗ ಹಾಕಿದ ಕೋಣೆಯ ಮುಂದೆ ಓಡಾಡುವವರ ಹಾಗೆ ಎಲ್ಲರೂ ತುದಿಗಾಲಲ್ಲಿ, ಮತ್ತೆ ಇಲ್ಲಿ, ಇಲ್ಲೂ, ಮಕರಂದಕ್ಕೂ ಮಗ್ಗಕ್ಕೂ ನಡುವೆ. ಆ ಹಾಳೆ ಎಲ್ಲಿ ಮೇಷ್ಟ್ರೇ, ಅಂದಳು. ಯಾವ ಹಾಳೆ. ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಬಿಡಿ. ಮೂಲೆಯಲ್ಲಿ ಟೈಪಿಸ್ಟ್ ಅಕ್ಕನ ಕೈ ಕೀಲಿಗಳ ಮೇಲೆ ನಿಂತಿತು, ಅಕ್ಕನ ಕಣ್ಣು ತನ್ನದೇ ಡ್ರಾಯರಿಗೆ ಹೋಗಿ ಬಂತು, ಅದನ್ನ ನಾನೂ ಮೇಷ್ಟ್ರೂ ನೋಡ್ಕೋತೀವಿ ಕಣೇ, ಒಂದು ಹಾಳೆ ತಾನೆ, ನೀನು ನೋಡೋದು ಬೇಡ. ನೋಡೋದು ಬೇಡ. ಎಷ್ಟು ಒಳ್ಳೆಯವರು ಎಲ್ಲರೂ, ಎಷ್ಟು ಮೃದುವಾಗಿ ಬಾಗಿಲು ಹಾಕುತ್ತಾರೆ. ಕೊಡಿ ಅಕ್ಕ, ಅಂದಳು, ದನಿ ತನ್ನದೇ ಹೌದೋ ಅಲ್ಲವೋ, ಅದರಲ್ಲಿರೋದು ನಮ್ಮನೆ ಮಾತು, ಕೊಡಿ.

ನಮ್ಮನೆ ಮಾತೇ, ಯಾಕೆಂದರೆ ಇಲ್ಲಿನ ಪದ್ಧತಿ ಹಾಗೆ, ಒಂದು ಪದದ ಕೆಳಗೆ ಅದೇ ಅರ್ಥದ ಬೇರೆ ಪದಗಳು, ಒಂದೊಂದಕ್ಕೂ ಒಂದು ಬಳಕೆಯ ವಾಕ್ಯ ಬೇಕು, ತಲೆಯಿಂದ ಹುಟ್ಟಿಸುವ ಹಾಗಿಲ್ಲ, ಕಿವಿಗೆ ಬಿದ್ದದ್ದನ್ನೇ ಬರಿ, ಅನ್ನುತ್ತಾರೆ ಮೇಷ್ಟ್ರು, ಮಗು ಅನ್ನುವ ಪದ ಅವಳ ಪಾಲಿಗೆ ಬಂದಾಗ ಅವಳಿಗೆ ಐದು ತಿಂಗಳು, ಮನೆ ತುಂಬ ಬರೀ ಅದೇ ಮಾತು, ಕಿವಿ ತೆರೆದಿಟ್ಟರೆ ಸಾಕಿತ್ತು. ಅಕ್ಕ ಡ್ರಾಯರು ಎಳೆದಳು. ಹಾಳೆ ಬಂತು, ಅಂಚಿನ ತುಂಬ ಪೆನ್ಸಿಲು, ಅವಳ ವಾಕ್ಯಗಳ ಮೇಲೆಲ್ಲ ಗೆರೆ, ಪಕ್ಕದಲ್ಲಿ ಮೇಷ್ಟ್ರ ಗುಂಡು ಅಕ್ಷರ, ಎದುರುಮನೆಯ ಕೂಸು ಅಳುತ್ತಿದೆ, ಶಿಶುಗಳಿಗೆ ಲಸಿಕೆ ಹಾಕಿಸಿರಿ, ಇವರ ಎದುರುಮನೆಯಲ್ಲಿ ಯಾವ ಕೂಸೂ ಇಲ್ಲ, ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರು ತಲೆಯಿಂದ ಹುಟ್ಟಿಸಿದ್ದಾರೆ, ಅವಳಿಗಾಗಿ. ಅಚ್ಚಾದ ಮೇಲೆ ಯಾವತ್ತೋ ಪುಟ ತಿರುಗಿಸ್ತೀಯ, ಕಣ್ಣಿಗೆ ಬೀಳುತ್ತೆ, ಸುಮ್ನೆ ಯಾಕಮ್ಮ, ಅಂದರು. ಬೀಳಲಿ ಮೇಷ್ಟ್ರೇ, ಬೇರೆ ಎಲ್ಲೂ ಬೀಳಲ್ಲ. ಗೆರೆ ಹೊಡೆದದ್ದನ್ನು ಹಾಗೇ ಉಳಿಸಬೇಕಾದರೆ ಅದರ ಕೆಳಗೆ ಚುಕ್ಕಿ ಇಡಬೇಕು, ಪೆನ್ಸಿಲು ತೆಗೆದುಕೊಂಡಳು, ಓದತೊಡಗಿದಳು, ಏರಿಳಿತವಿಲ್ಲದೆ, ಮೇಷ್ಟ್ರು ಬೇರೆ ದಾರಿಯಿಲ್ಲದೆ ಮೂಲಪ್ರತಿಯಲ್ಲಿ ಬೆರಳಿಟ್ಟರು. ಕೂಸು, ಅಡ್ಡಗೆರೆ, ಮನೆಮಾತು, ಹಿರಿಯರ ಬಾಯಲ್ಲಿ ಹೆಚ್ಚು, ಕೂಸಿಗೆ ಹುಳಿ ಬೇಕಂತೆ, ತಿನ್ನೋದು ಮಾತ್ರ ಇವಳು, ಚುಕ್ಕಿ ಚುಕ್ಕಿ ಚುಕ್ಕಿ, ಅತ್ತೆಯ ನಗು ಕೇಳಿಸುತ್ತದೆ. ಮರಿ, ಅಡ್ಡಗೆರೆ, ಮುದ್ದಿನಲ್ಲಿ, ಮರಿ, ಅಲ್ಪವಿರಾಮ, ಅಮ್ಮನ್ನ ಸ್ವಲ್ಪ ಮಲಗೋಕೆ ಬಿಡೋ, ಗಂಡ ಹೊಟ್ಟೆಗೆ ಬಾಯಿ ಹಚ್ಚಿ ಅಂದದ್ದು, ಮೀಸೆ ಚುಚ್ಚಿತ್ತು, ಚುಕ್ಕಿ. ಕೋತಿಮರಿ, ಅಡ್ಡಗೆರೆ, ತಮಾಷೆಗೆ, ನಮ್ಮನೇಲಿ ಮಕ್ಕಳಿಲ್ಲ, ಎರಡು ಕೋತಿಮರಿ ಇವೆ, ಇದು ಅಕ್ಕನದು, ಇದನ್ನು ಯಾರೂ ಹೊಡೆದಿಲ್ಲ, ಮೂಲೆಯಲ್ಲಿ ಅಕ್ಕ ಮೂಗು ಒರೆಸಿಕೊಂಡಳು. ಪಾಪು, ಅಡ್ಡಗೆರೆ, ಎಲ್ಲರ ಬಾಯಲ್ಲೂ, ಪಾಪು ಒದೀತಿದೆ, ಕೈ ಇಡಿ ಇಲ್ಲಿ, ಬೇಗ, ಇದು ಅವಳದೇ, ಅವಳೇ ಕೂಗಿದ್ದು, ಅಡುಗೆಮನೆಯಿಂದ, ಹಾಲು ಉಕ್ಕಿತ್ತು, ಯಾರೂ ಒಲೆ ಆರಿಸಲಿಲ್ಲ, ಪಕ್ಕೆಯ ಕೆಳಗೆ ಒಳಗಿನಿಂದ ಉಬ್ಬಿ ಬಂದು ಅಂಗೈಗೆ ತಗುಲಿದ ಗಟ್ಟಿ ಪುಟ್ಟ ಗುಬುಟು, ಇದು ಮೊಣಕೈಯಾ, ಅಂದ ಗಂಡ, ಅಲ್ಲಪ್ಪ ಹಿಮ್ಮಡಿ, ಅಂದರು ಅತ್ತೆ — ಹಿಮ್ಮಡಿ, ಚುಕ್ಕಿ, ಚುಕ್ಕಿ, ಓದು ನಿಲ್ಲಿಸಬೇಡ, ಅಕ್ಷರ ಮಾತ್ರ. ಕಂದ, ಅಡ್ಡಗೆರೆ, ಮಗುವನ್ನು ಎದುರಿಗಿಟ್ಟುಕೊಂಡು ಕರೆಯುವಾಗ, ಎತ್ತಿಕೊಳ್ಳುವಾಗ, ಸಮಾಧಾನ ಮಾಡುವಾಗ, ಆಮೇಲೆ ಖಾಲಿ. ಯಾರೂ ಹೊಡೆದದ್ದಲ್ಲ, ಅವಳೇ ಬಿಟ್ಟ ಜಾಗ, ಇದನ್ನ ಇನ್ನೂ ಯಾರೂ ಅಂದಿಲ್ಲ ಮೇಷ್ಟ್ರೇ, ಹುಟ್ಟಿದ ಮೇಲೆ ಬರೀತೀನಿ, ಅಂತ ನಗುತ್ತಾ ಬಿಟ್ಟಿದ್ದು, ಒಂದು ಸಾಲಿನ ಜಾಗ. ಮುಂದೆ, ಅಂದರು ಮೇಷ್ಟ್ರು ಮೆಲ್ಲಗೆ. ಮುಂದೆ ಏನು, ಕಿವಿಗೆ ಬಿದ್ದದ್ದನ್ನೇ ಬರೆಯಬೇಕು, ಏನು ಬಿದ್ದಿತ್ತು, ನರ್ಸಿನ ಚಪ್ಪಲಿಯ ಸದ್ದು, ಬಾಗಿಲ ಸದ್ದು, ಅಷ್ಟೇ, ಮಂಪರಿನಲ್ಲಿ ತುಟಿ ಅಲುಗಿತ್ತಲ್ಲ, ದನಿ ಹೊರಟಿತ್ತೇ, ಅಂದಿದ್ದಳೇ ಅವಳು, ಅಂದಿರಬೇಕು, ಕಂದ, ಅಡ್ಡಗೆರೆ, ಪೆನ್ಸಿಲಿನ ಮೊನೆ ಖಾಲಿ ಜಾಗಕ್ಕೆ ತಾಗಿ ನಿಂತಿದೆ, ಕಂದ — ಹಸಿರು ಬಟ್ಟೆ, ಹೆಬ್ಬೆರಳ ತುದಿಯಷ್ಟಗಲ, ಕೆಂಪಗೆ, ನೀರಲ್ಲಿ ನೆನೆದ ಬೆರಳಿನ ಹಾಗೆ ಸುಕ್ಕುಸುಕ್ಕಾಗಿ, ಅವಳ ಕಡೆಗೇ ತಿರುಗಿದ ಹಿಮ್ಮಡಿ