ಮಣಿಕಟ್ಟಿನ ಗಾಯ

ಹಾಲು ಉಕ್ಕಿ ಸ್ಟೌ ಮೇಲೆಲ್ಲ ಚೆಲ್ಲಿದ್ದಕ್ಕೆ ಶುರುವಾದ ಜಗಳ ಅದು. ಸೊಸೆ ಭವ್ಯ ತವರಿಗೆ ಫೋನು ಮಾಡುತ್ತಾ ಹಿತ್ತಲಲ್ಲಿ ನಿಂತುಬಿಟ್ಟಿದ್ದಳು. ಸೋಮಮ್ಮ ಸ್ಟೌ ಆರಿಸಿ, ಬಟ್ಟೆ ಹಿಡಿದು ಒರೆಸುತ್ತಾ ಬಾಯಿಗೆ ಬಂದದ್ದೆಲ್ಲ ಅಂದಳು. ಸೊಸೆ ತಿರುಗಿ ಮಾತಾಡದೆ ಇದ್ದದ್ದೇ ಅವಳ ಸಿಟ್ಟನ್ನು ಇನ್ನೂ ಏರಿಸಿತು. "ಈ ಮನೇಲಿ ಗ್ಯಾನ ಇಲ್ದಿದ್ರೆ ಎಲ್ಲಾರ ಬಿದ್ದು ಸಾಯಿ, ಓಗು" ಅಂದುಬಿಟ್ಟಳು.

ಭವ್ಯ ಫೋನು ಇಟ್ಟು ಪಾತ್ರೆ ತೊಳೆಯುವ ಕಟ್ಟೆಯ ಕಡೆ ಹೋದಳು. ಸೋಮಮ್ಮ ಬೀದಿಬಾಗಿಲಿಗೆ ಬಂದು ನಿಂತಿದ್ದಳಷ್ಟೆ, ಹಿಂದುಗಡೆ ಗಾಜು ಒಡೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಅಯ್ಯೋ ಅನ್ನುವ ಕೂಗೂ ಇಲ್ಲ.

ಅವಳು ಓಡಿಹೋಗಿ ನೋಡಿದಾಗ ಭವ್ಯ ಗೋಡೆಗೆ ಒರಗಿ ಕೂತಿದ್ದಳು. ಉಪ್ಪಿನಕಾಯಿಯ ಗಾಜಿನ ಜಾಡಿ ಚೂರುಚೂರಾಗಿ ಬಿದ್ದಿತ್ತು. ಬಲಗೈಯ ಮಣಿಕಟ್ಟು ಅಡ್ಡಕ್ಕೆ ಸೀಳಿ, ರಕ್ತ ಸೋಪಿನ ನೀರಲ್ಲಿ ಬೆರೆತು ಹರಿಯುತ್ತಿತ್ತು. ಸೋಮಮ್ಮ ಸೆರಗಿನಿಂದಲೇ ಬಿಗಿಯಾಗಿ ಸುತ್ತಿ ಕಟ್ಟಿ, ಪಕ್ಕದ ಮನೆಯವರನ್ನು ಕೂಗಿದಳು. ಆಟೋ ಬರುವಷ್ಟರಲ್ಲಿ ಬಾಗಿಲ ಮುಂದೆ ಜನ ಸೇರಿದ್ದರು. "ಕೈ ಕೊಯ್ಕೊಂಡ್ಳಂತೆ" ಅಂದಳು ಯಾರೋ ಹೆಂಗಸು. ಆ ಮಾತು ಸೋಮಮ್ಮನ ಕಿವಿಗೆ ಬಿದ್ದು ಅಲ್ಲೇ ಕೂತುಕೊಂಡಿತು.

ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿದರು. "ಹೆಬ್ಬೆರಳು ಮಡಚಮ್ಮ" ಅಂದರು ಡಾಕ್ಟರು. ಹೆಬ್ಬೆರಳು ಮಡಚಲಿಲ್ಲ. ತೋರುಬೆರಳು, ನಡುಬೆರಳು ಕೂಡ ನೆಟ್ಟಗೆ ಹಾಗೇ ಇದ್ದವು. ಸೂಜಿಯಿಂದ ಚುಚ್ಚಿದರು. ಭವ್ಯ ತಲೆ ಅಲ್ಲಾಡಿಸಿದಳು, ಗೊತ್ತಾಗುತ್ತಿಲ್ಲ ಅಂತ.

ನರ್ಸು ಸೋಮಮ್ಮನನ್ನು ಪಕ್ಕಕ್ಕೆ ಕರೆದು, "ಮನೇಲಿ ಏನಾದ್ರೂ ಜಗಳ ಆಗಿತ್ತಾ?" ಅಂದಳು.

"ಇಲ್ಲ ಕಣವ್ವ" ಅಂದಳು ಸೋಮಮ್ಮ.

ಚಾಮರಾಜನಗರಕ್ಕೆ ಆಂಬುಲೆನ್ಸಿನಲ್ಲಿ ಕಳಿಸಿದರು. ಕೈ ಎತ್ತರಕ್ಕೆ ಇರಬೇಕು ಅಂದಿದ್ದರಿಂದ ಸೋಮಮ್ಮ ದಾರಿಯುದ್ದಕ್ಕೂ ಅದನ್ನು ತನ್ನ ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಳು. ತೆರಕಣಾಂಬಿ ದಾಟಿದರೂ ಭವ್ಯ ಕಣ್ಣು ಬಿಡಲಿಲ್ಲ. ನೀನೇ ಕೊಯ್ಕಂಡ್ಯಾ ಅನ್ನೋ ಮಾತು ಸೋಮಮ್ಮನ ಬಾಯಿಯವರೆಗೂ ಬಂತು. ಅವಳು ಹೌದು ಅಂದುಬಿಟ್ಟರೆ? ಆ ಹೆದರಿಕೆಗೆ ಕೇಳದೆ, ಹಿಡಿದ ಕೈಯನ್ನು ಇನ್ನಷ್ಟು ಎತ್ತಿದಳು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಕೈಯ ಆಪರೇಷನ್ ಮಾಡುವ ಡಾಕ್ಟರ ಹೆಸರು ಸೋಮಶೇಖರ್. ಅವರು ತಮ್ಮ ಮಣಿಕಟ್ಟನ್ನೇ ತೋರಿಸಿ ಹೇಳಿದರು. "ಬೆರಳು ಮಡಚೋ ಹುರಿಗಳು ಇಲ್ಲಿಂದ ಹಾದು ಹೋಗ್ತವೆ. ಕೆಲವು ತುಂಡಾಗಿವೆ. ತುಂಡಾದವು ಮೇಲಕ್ಕೆ ಎಳ್ಕೊಂಡು ಹೋಗಿರ್ತವೆ, ಹುಡುಕಿ ತಂದು ಹೊಲೀಬೇಕು. ಅವುಗಳ ಜೊತೇಲೇ ಒಂದು ನರ ಇದೆ, ಹೆಬ್ಬೆರಳಿಗೆ, ಪಕ್ಕದ ಬೆರಳುಗಳಿಗೆ ಸ್ಪರ್ಶ ಕೊಡೋದು. ಅದೂ ಕತ್ತರಿಸಿದೆ."

ಆಗ ಭವ್ಯ ಮೊದಲ ಸಲ ಬಾಯಿ ಬಿಟ್ಟಳು. "ಸರ್, ನಾನು ಲ್ಯಾಬಲ್ಲಿ ರಕ್ತ ತೆಗಿಯೋಳು. ಸೂಜಿ ಚುಚ್ಚೋ ಮುಂಚೆ ಜನಗಳ ರಕ್ತದ ನರ ಬೆರಳಿಗೆ ಸಿಕ್ಕಬೇಕು ನನಗೆ."

"ಮೊದಲು ಕೈ ನೋಡೋಣ. ಕೆಲಸದ ಮಾತು ಆಮೇಲೆ" ಅಂದರು ಡಾಕ್ಟರು. ಅವರ ದನಿಯಲ್ಲಿ ಭರವಸೆ ಇತ್ತೋ ಇಲ್ಲವೋ ಸೋಮಮ್ಮನಿಗೆ ತಿಳಿಯಲಿಲ್ಲ.

ಆಪರೇಷನ್ನಿಗೆ ಮುಂಚೆ ಮಹಿಳಾ ಪೊಲೀಸ್ ಒಬ್ಬಳು ಬಂದು ಹೇಳಿಕೆ ಬರೆದುಕೊಂಡಳು. ಮದುವೆಯಾಗಿ ಇನ್ನೂ ವರ್ಷ ತುಂಬದ ಹೆಣ್ಣುಮಗಳು ಅಂತ ಅವಳು ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿದಳು. ಮೂರು ಸಲವೂ ಭವ್ಯ, "ಜಾಡಿ ಹಿಡ್ಕೊಂಡು ಜಾರಿ ಬಿದ್ದೆ" ಅಂದಳು. ಬಾಗಿಲ ಹೊರಗೆ ನಿಂತ ಸೋಮಮ್ಮನಿಗೆ ಅದರಿಂದ ನೆಮ್ಮದಿ ಆಗಲಿಲ್ಲ. ಮನೆಯ ಮಾನ ಉಳಿಸೋಕೆ ಹೀಗೆ ಹೇಳ್ತಾ ಇದಾಳೆ ಅನ್ನಿಸಿತು. ತಾನು ನರ್ಸಿಗೆ ಹೇಳಿದ ಸುಳ್ಳಿನ ಹಾಗೆ ಇದೂ ಒಂದು ಸುಳ್ಳಿರಬಹುದು.

ಭವ್ಯಳನ್ನು ಒಳಗೆ ಕರೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಅವಳ ಅಪ್ಪ ಗುರುಮಲ್ಲಯ್ಯ ಚಂದಕವಾಡಿಯಿಂದ ಬಂದ. ಬಂದವನು ಸೋಮಮ್ಮನಿಗೆ ಎದುರಾಗಿ ಬೆಂಚಿನ ಮೇಲೆ ಕೂತ. "ಸೋಮಮ್ಮನೋರೆ, ನನ್ ಮಗ್ಳು ಅಂತಾದ್ದೆಲ್ಲ ಮಾಡ್ಕಳೋಳಲ್ಲ. ಮಾಡ್ಕಂಡಿದ್ರೆ ಯಾರೋ ಮಾಡುಸವ್ರೆ" ಅಂದ. ದನಿ ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು.

ತರಕಾರಿ ಲಾರಿಯ ಜೊತೆ ಸುಲ್ತಾನ್ ಬತ್ತೇರಿಗೆ ಹೋಗಿದ್ದ ಮಗ ಕುಮಾರಸ್ವಾಮಿ ಮಧ್ಯಾಹ್ನ ಬಂದ. ಬಸ್ಸಿಳಿದು ಓಡಿಬಂದಿದ್ದ, ಅಂಗಿ ಬೆನ್ನಿಗೆ ಅಂಟಿತ್ತು. ಮಾವನಿಗೆ ಕೈಮುಗಿದು ತಾಯಿಯ ಹತ್ತಿರ ಬಂದು ನಿಂತ.

"ಬೆಳಗ್ಗೆ ಏನಾಯ್ತವ್ವ?"

"ಜಾಡಿ ಒಡೀತು."

"ಅದ್ಕಿಂತ ಮುಂಚೆ?"

ಸೋಮಮ್ಮ ಆಪರೇಷನ್ ಕೋಣೆಯ ಬಾಗಿಲು ನೋಡಿದಳು. ಅದರ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಒಳಗೆ ಹುಡುಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿರಲಿಲ್ಲ, ತೋಳಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. ತನ್ನ ಕೈಯನ್ನು ಬಿಚ್ಚಿ ಹೊಲಿಯುವಾಗ ಆ ಹುಡುಗಿ ಎಚ್ಚರವಾಗಿ ಮಲಗಿದ್ದಾಳೆ. ಇಲ್ಲಿ ನಾನು ಒಂದು ಮಾತು ಆಡೋಕೆ ಹೆದರಿ ಕೂತಿದೀನಿ ಅನ್ನಿಸಿತು.

"ಎಲ್ಲಾರ ಬಿದ್ದು ಸಾಯಿ ಅಂದ್ಬುಟ್ಟೆ ಕಣಪ್ಪ. ಹಾಲು ಉಕ್ಕುಸ್ದ್ಲು ಅಂತ. ಅಂದು ಒಂದು ಗಳಿಗೇಗೆ ಹಿಂಗಾಯ್ತು. ಅವ್ಳು ಬಿದ್ಲೋ, ಕೊಯ್ಕಂಡ್ಲೋ, ನಾನು ಕಾಣೆ."

ಕುಮಾರಸ್ವಾಮಿ ಗೋಡೆ ಕಡೆ ತಿರುಗಿದ. ಗುರುಮಲ್ಲಯ್ಯ ಎದ್ದು, ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿ, ರಸ್ತೆಗೆ ಮುಖ ಮಾಡಿ ನಿಂತ. ಆಪರೇಷನ್ ಕೋಣೆಯ ಬಾಗಿಲು ತೆಗೆಯುವವರೆಗೂ ವಾಪಸು ಬರಲಿಲ್ಲ.

ಡಾಕ್ಟರು ಟೋಪಿ ತೆಗೆಯುತ್ತಾ ಹೊರಗೆ ಬಂದಾಗ ಹೊತ್ತು ಇಳಿದಿತ್ತು. "ಎಲ್ಲಾ ಸಿಕ್ಕಿದವು, ಹೊಲಿದಿದೀವಿ. ನರಾನೂ ಜೋಡಿಸಿದೀವಿ. ಆದ್ರೆ ಇಲ್ಲಿಗೆ ಮುಗೀಲಿಲ್ಲ. ನಾವು ಹೇಳದೆ ಬೆರಳು ಬಿಗಿಯಾಗಿ ಮಡಚಿದ್ರೆ ಹೊಲಿಗೆ ಕಿತ್ತು ಹೋಗ್ತದೆ. ಮಡಚದೇ ಬಿಟ್ರೆ ಅಂಟಿಕೊಂಡು ಗಟ್ಟಿಯಾಗ್ತದೆ. ಹೇಳಿಕೊಟ್ಟ ಹಾಗೇ ಮಾಡ್ಬೇಕು. ಸ್ಪರ್ಶ ಬರೋಕೆ ತಿಂಗಳುಗಳೇ ಹಿಡೀತವೆ. ಎಷ್ಟು ಬರ್ತದೆ ಅಂತ ಈಗಲೇ ಹೇಳಲಾರೆ."

ಮಾರನೆ ಬೆಳಗ್ಗೆ ವಾರ್ಡಿನಲ್ಲಿ ಬೇರೆ ಯಾರೂ ಹತ್ತಿರ ಇಲ್ಲದಾಗ ಸೋಮಮ್ಮ ಸೊಸೆಗೆ ಇಡ್ಲಿ ತಿನ್ನಿಸುತ್ತಿದ್ದಳು.

"ಭವ್ಯ, ನಿಜ ಏಳವ್ವ. ನಾನು ಅಂದಿದ್ದಕ್ಕೆ ಮಾಡ್ಕಂಡ್ಯಾ?"

ಭವ್ಯ ಅವಳ ಮುಖವನ್ನೇ ನೋಡಿದಳು. "ಇಲ್ಲ ಅತ್ತೆ. ಜಾಡಿ ಎತ್ಕೊಂಡೆ, ಸೋಪು ನೀರಲ್ಲಿ ಕಾಲು ಜಾರ್ತು. ಕೈ ಊರಿದ್ದು ಗಾಜಿನ ಮೇಲೆ." ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಸರಿಸಿಕೊಂಡು ಹೇಳಿದಳು. "ನಿಮ್ಮೇಲೆ ಕೋಪ ಇತ್ತು. ಈಗಲೂ ಐತೆ. ಸಾಯಿ ಅಂದೋರ ಕೈಲೇ ಇಡ್ಲಿ ತಿನ್ನೋದು ಹೆಂಗೆ ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ."

ಸೋಮಮ್ಮನಿಗೆ ಕಣ್ಣು ತುಂಬಿತು. ತಟ್ಟೆ ಕೆಳಗಿಡಲು ಹೋದಳು.

"ಇಡಬೇಡಿ. ಹಸಿವಾಗೈತೆ" ಅಂದಳು ಭವ್ಯ.

ಆಸ್ಪತ್ರೆಯಿಂದ ಬಿಟ್ಟಾಗ ಅವಳು ಅಪ್ಪನ ಜೊತೆ ಚಂದಕವಾಡಿಗೆ ಹೋದಳು. ಬೆರಳಿನ ವ್ಯಾಯಾಮಕ್ಕೆ ಅಲ್ಲಿಂದ ಆಸ್ಪತ್ರೆ ಹತ್ತಿರ ಅಂತ ಎಲ್ಲರೂ ಹೇಳಿಕೊಂಡರು. ಅದೊಂದೇ ಕಾರಣ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಕುಮಾರಸ್ವಾಮಿ ಲಾರಿ ಕೆಲಸ ಇಲ್ಲದ ದಿನ ಅಲ್ಲಿಗೆ ಹೋಗಿಬರುತ್ತಿದ್ದ. ಮನೆಯಲ್ಲಿ ತಾಯಿಯ ಜೊತೆ ಅಗತ್ಯ ಬಿದ್ದಷ್ಟೇ ಮಾತು.

ಸೋಮಮ್ಮ ವ್ಯಾಯಾಮದ ದಿನವೆಲ್ಲ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದಳು. ಮೊದಮೊದಲು ಗುರುಮಲ್ಲಯ್ಯ ದೂರದಲ್ಲೇ ಕೂರುತ್ತಿದ್ದ. ಒಂದು ದಿನ ಒಳಗಿಂದ ಭವ್ಯ ನೋವಿಗೆ ಕಿರುಚಿದ್ದು ಕೇಳಿ ಇಬ್ಬರೂ ಒಟ್ಟಿಗೇ ಎದ್ದು ನಿಂತರು. ಹೊಲಿಗೆ ಕಿತ್ತಿತೋ ಏನೋ ಅಂತ ಸೋಮಮ್ಮ ಬಾಗಿಲವರೆಗೆ ಓಡಿದಳು. ಹಾಗೇನೂ ಆಗಿರಲಿಲ್ಲ, ಗಟ್ಟಿಯಾದ ಗಾಯವನ್ನು ಉಜ್ಜಿ ಸಡಿಲ ಮಾಡುತ್ತಿದ್ದರು. ಗುರುಮಲ್ಲಯ್ಯ ಹೋಗಿ ಎರಡು ಲೋಟ ಟೀ ತಂದ. ಒಂದನ್ನು ಮಾತಿಲ್ಲದೆ ಅವಳ ಪಕ್ಕ ಇಟ್ಟ.

ಕೈಗೆ ಆಸರೆಗೆ ಕಟ್ಟಿದ್ದ ಪಟ್ಟಿ ಪೂರ್ತಿ ಬಿಚ್ಚಿದ ಮೇಲೆ ಬೆರಳುಗಳು ಸಣ್ಣಗೆ ಮಡಚತೊಡಗಿದವು, ಮುಷ್ಟಿ ಪೂರ್ತಿ ಆಗುತ್ತಿರಲಿಲ್ಲ. ಸ್ಪರ್ಶ ಮಾತ್ರ ಬರಲಿಲ್ಲ. ಡಾಕ್ಟರು ಅಂಗೈ ಮೇಲೆ ಬೆರಳಿಂದ ತಟ್ಟಿ, "ಎಲ್ಲಿ ಜುಮ್ ಅಂತದೆ?" ಅಂತ ಕೇಳುತ್ತಿದ್ದರು. ನರ ಚಿಗುರಿದಷ್ಟೂ ಆ ಜುಮ್ಮೆನ್ನುವ ಜಾಗ ಬೆರಳಿನ ಕಡೆಗೆ ಬಹಳ ನಿಧಾನವಾಗಿ ಸರಿಯುತ್ತಿತ್ತು. ಭವ್ಯ ಕಣ್ಣು ಮುಚ್ಚಿ ಬಟ್ಟೆ, ಕಾಳು, ಕೀಲಿಕೈ ಮುಟ್ಟಿ ಗುರುತಿಸಲು ನೋಡುವಳು. ಎಲ್ಲಾ ಒಂದೇ ಥರ ಅಂತ ಕೈಬಿಡುವಳು. ಲ್ಯಾಬಿನವರು ಇನ್ನೊಬ್ಬಳನ್ನು ಸೇರಿಸಿಕೊಂಡರು ಅಂತ ಸುದ್ದಿ ಬಂತು.

ಚಳಿಗಾಲ ಮುಗಿಯುವ ಹೊತ್ತು. ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಅತ್ತೆ ಸೊಸೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಭವ್ಯ ಬಲಗೈ ನೆಲಕ್ಕೆ ಊರಿ ಕೂತಿದ್ದವಳು ತಟ್ಟನೆ ಕೈ ಕೊಡವಿ, "ಅಮ್ಮಾ!" ಅಂತ ಚೀರಿದಳು.

"ಏನಾಯ್ತೇ?" ಸೋಮಮ್ಮ ಬುತ್ತಿ ಬಿಟ್ಟು ಎದ್ದಳು.

"ಇರುವೆ ಕಣತ್ತೆ... ಕಚ್ಬುಡ್ತು."

"ಎಲ್ಲಿ? ಯಾವ ಬೆರಳ್ಗೆ?"

ಭವ್ಯ ಹೆಬ್ಬೆರಳನ್ನು ಎತ್ತಿ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದಳು. ಬುಡದ ಹತ್ತಿರ, ಗೆಣ್ಣಿನ ಕೆಳಗೆ ಕೆಂಪಗೆ ಒಂದು ಚುಕ್ಕೆ ಏಳುತ್ತಿತ್ತು. "ಉರೀತಾ ಐತೆ ಅತ್ತೆ" ಅಂದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಸೋಮಮ್ಮ ಆ ಹೆಬ್ಬೆರಳನ್ನು ಹಿಡಿದುಕೊಂಡು ಸುಮ್ಮನೆ ಊದುತ್ತಾ ಕೂತಳು.

ಬೆರಳ ತುದಿಗೆ ಸ್ಪರ್ಶ ಬರೋಕೆ ಇನ್ನೂ ಕಾಲ ಬೇಕು ಅಂದರು ಡಾಕ್ಟರು. ಮೊದಲಿನಷ್ಟು ಚುರುಕು ಆಗದೆಯೂ ಇರಬಹುದು ಅಂತಲೂ ಹೇಳಿದರು. ಆದರೂ ಭವ್ಯ ಆ ಸಂಜೆ ಅಪ್ಪನಿಗೆ ಫೋನು ಮಾಡಿ, ಬಟ್ಟೆ ಆಮೇಲೆ ಕಳಿಸು, ನಾನು ಅತ್ತೆ ಜೊತೆ ಗುಂಡ್ಲುಪೇಟೆಗೆ ಹೋಗ್ತೀನಿ ಅಂದಳು. ನಾಳೆ ಬೆಳಗ್ಗೆ ಲ್ಯಾಬಿಗೆ ಹೋಗಿ ಕೇಳಬೇಕು, ರಕ್ತ ತೆಗೆಯೋದು ಈಗಲೇ ಬೇಡ, ರಕ್ತ ಪರೀಕ್ಷೆ ಮಾಡೋ ಮಿಷಿನ್ ಹತ್ತಿರದ ಕೆಲಸವಾದರೂ ಸಿಕ್ಕೀತು ಅಂತ ಬಸ್ಸಿನಲ್ಲಿ ಅತ್ತೆಗೆ ಹೇಳಿದಳು. "ನಾನೂ ಬರ್ತೀನಿ" ಅಂದಳು ಸೋಮಮ್ಮ. "ಬೇಡ, ಒಬ್ಳೇ ಹೋಗ್ತೀನಿ" ಅಂದಳು ಭವ್ಯ.